ನಾಲ್ಕನೆಯ ಪುಟದ ಕುರ್ಚಿ

ಕೊಡೆ ಕಂಪನಿಯ ಪತ್ರ ವಿಭಾಗದ ಮುಖ್ಯಸ್ಥರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ಪೀಠಿಕೆಯವರು’. ಪೀಠಿಕೆಯಿಲ್ಲದೆ ವಿಷಯ ಹೇಳುವುದೆಂದರೆ ಬಾಗಿಲು ತಟ್ಟದೆ ಒಬ್ಬರ ಮನೆಯೊಳಗೆ ನುಗ್ಗಿದಷ್ಟೇ ಅಸಭ್ಯತನ ಎಂಬುದು ಅವರ ಗಟ್ಟಿ ನಂಬಿಕೆ. ಈ ಸಭ್ಯತೆಯನ್ನು ಅವರು ಇಪ್ಪತ್ತೇಳು ವರ್ಷಗಳಿಂದ ಒಂದು ದಿನವೂ ತಪ್ಪದೆ ಪಾಲಿಸಿಕೊಂಡು ಬಂದಿದ್ದರು.

ಒಮ್ಮೆ ಗಿರಾಕಿಯೊಬ್ಬರು, ‘ನಿಮ್ಮ ಕೊಡೆ ಬಿಚ್ಚಿಕೊಳ್ಳುತ್ತಿಲ್ಲ’ ಎಂದು ಕಾರ್ಡು ಬರೆದಿದ್ದರು. ಪೀಠಿಕೆಯವರು ಮೂರು ಪುಟದ ಉತ್ತರ ಕಳಿಸಿದರು. ಆದಿಮಾನವ ಎಲೆಯೊಂದನ್ನು ತಲೆಯ ಮೇಲೆ ಹಿಡಿದುಕೊಂಡ ಗಳಿಗೆಯಿಂದ ಹೊರಟು, ಬಟ್ಟೆ, ಕಡ್ಡಿ, ಸ್ಪ್ರಿಂಗು, ಗುಂಡಿಗಳನ್ನೆಲ್ಲ ಹಾದು, ಗಿರಾಕಿಗೆ ಆಯುರಾರೋಗ್ಯ ಕೋರಿ ಆ ಉತ್ತರ ಮುಗಿದಿತ್ತು. ವಾರದ ಮೇಲೆ ಇನ್ನೊಂದು ಕಾರ್ಡು ಬಂತು. ‘ಕಾಗದ ತಲುಪಿತು. ನನ್ನ ಆರೋಗ್ಯ ಚೆನ್ನಾಗಿದೆ. ಕೊಡೆ ಇನ್ನೂ ಬಿಚ್ಚಿಕೊಂಡಿಲ್ಲ.’

ಇಂಥ ಪೀಠಿಕೆಯವರ ಕುರ್ಚಿಯ ಹಿಂದಿನ ಎಡಗಾಲು ಅಲುಗಾಡತೊಡಗಿತು.

ಮೊದಮೊದಲು ಅವರು ಅದರ ಕೆಳಗೆ ಮಡಚಿದ ಕಾಗದ ಇಟ್ಟು ನೋಡಿದರು. ಆಮೇಲೆ ಬಲಕ್ಕೆ ವಾಲಿ ಕುಳಿತು ಬರೆಯುವುದನ್ನು ರೂಢಿಸಿಕೊಂಡರು. ಅಷ್ಟರಲ್ಲಿ ಕುರ್ಚಿಯ ಅಂಚಿನಿಂದ ಮೊಳೆಯೊಂದು ಹೊರಗೆ ಇಣುಕಿತು. ಒಂದೇ ತಿಂಗಳಲ್ಲಿ ಮೂರು ಪ್ಯಾಂಟು ಬಲಿಯಾದವು. ನಾಲ್ಕನೆಯದು ಹರಿದ ದಿನ ಅವರು ಉಗ್ರಾಣದವರ ಬಳಿಗೆ ಹೋದರು.

ಉಗ್ರಾಣದವರು ನಿಯಮದ ಮನುಷ್ಯ. ಪೀಠಿಕೆ ಮುಗಿದು ವಿಷಯ ಬರುವ ಮೊದಲೇ ಕೈ ಅಡ್ಡ ಹಿಡಿದು, “ಬಾಯಲ್ಲಿ ಹೇಳಿದ್ರೆ ಒಂದು ಗುಂಡುಪಿನ್ನೂ ಈ ಬಾಗಿಲು ದಾಟಲ್ಲ. ಮ್ಯಾನೇಜರಿಗೆ ಬರವಣಿಗೇಲಿ ಕೊಡಿ” ಎಂದರು.

ಪೀಠಿಕೆಯವರಿಗೆ ‘ಬರವಣಿಗೆಯಲ್ಲಿ ಕೊಡಿ’ ಎಂದು ಹೇಳುವುದರ ಪರಿಣಾಮವೇನೆಂದು ಉಗ್ರಾಣದವರು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು, ಮುಂದಿನದೇನೂ ನಡೆಯುತ್ತಿರಲಿಲ್ಲ. ಯೋಚಿಸಲಿಲ್ಲ.

ಪೀಠಿಕೆಯವರು ಎರಡು ದಿನ ಕುಳಿತು ನಾಲ್ಕು ಪುಟ ಬರೆದರು. ಮೊದಲ ಪುಟ ಹೀಗಿತ್ತು:

‘ಮಾನ್ಯರೇ, ಇಪ್ಪತ್ತೇಳು ವರ್ಷಗಳ ಹಿಂದೆ, ತಲೆಯ ತುಂಬ ಕಪ್ಪು ಕೂದಲಿದ್ದ ಒಬ್ಬ ಯುವಕ ಈ ಸಂಸ್ಥೆಯ ಮೆಟ್ಟಿಲು ಹತ್ತಿದನು. ಆ ಯುವಕ ನಾನೇ ಎಂದು ಇಂದು ಹೇಳಿದರೆ ನಂಬುವವರು ಕಡಿಮೆ. ಸಂಸ್ಥೆ ನನ್ನನ್ನು ಹೊತ್ತಿತು; ನಾನೂ ನನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಶ್ಚಿಂತೆಯಿಂದಿದ್ದೆನು. ಆದರೆ ಜಗತ್ತಿನಲ್ಲಿ ಯಾವುದು ತಾನೇ ಶಾಶ್ವತ? ಕೆಲವು ತಿಂಗಳಿಂದ ನನ್ನ ಆಧಾರವೇ ಅಲುಗಾಡುತ್ತಿರುವುದನ್ನು ಅನುಭವಿಸುತ್ತಿದ್ದೇನೆ. ಪ್ರತಿದಿನವೂ ಒಳಗೊಳಗೇ ಚುಚ್ಚುವ ನೋವು. ಈ ಕುರ್ಚಿಯಲ್ಲಿ ಮುಂದುವರಿಯುವುದು ನನಗೂ ಕ್ಷೇಮವಲ್ಲ, ಸಂಸ್ಥೆಗೂ ಗೌರವವಲ್ಲ ಎಂಬ ತೀರ್ಮಾನಕ್ಕೆ ಭಾರವಾದ ಮನಸ್ಸಿನಿಂದ ಬಂದಿದ್ದೇನೆ. ಹಳೆಯದು ಸರಿದು ಹೊಸದಕ್ಕೆ ಎಡೆ ಮಾಡಿಕೊಡುವುದೇ...’

ಎರಡನೆಯ ಪುಟ ಕಂಪನಿಯ ಸ್ಥಾಪಕರ ದೂರದೃಷ್ಟಿಗೆ ಮೀಸಲಾಗಿತ್ತು. ಮೂರನೆಯದು ಮರದ ಜಾತಿಗಳಿಗೆ. ನಾಲ್ಕನೆಯ ಪುಟದ ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ‘ಆದಕಾರಣ ನನಗೆ ಒಂದು ಹೊಸ ಕುರ್ಚಿಯನ್ನು ದಯಪಾಲಿಸಬೇಕೆಂದು ಕೋರುತ್ತೇನೆ’ ಎಂಬ ವಾಕ್ಯ ಸಂಕೋಚದಿಂದ ಮುದುಡಿ ಕುಳಿತಿತ್ತು.

ಮ್ಯಾನೇಜರು ಒಳ್ಳೆಯವರು. ದಿನಕ್ಕೆ ಅರವತ್ತು ಕಾಗದ ನೋಡಬೇಕಾಗಿದ್ದರಿಂದ ಅವರು ಮೊದಲ ಪುಟ ಓದಿ ಮಿಕ್ಕಿದ್ದನ್ನು ಊಹಿಸುವ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದರು. ಈ ಕಾಗದದ ಮೊದಲ ಪುಟ ಓದಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪೀಠಿಕೆಯವರನ್ನು ಕರೆಸಿದರು.

“ನಿಮ್ಮ ಕಾಗದ ಓದಿದೆ. ತುಂಬ ಬೇಜಾರಾಯ್ತು.”

“ಬೇಜಾರು ಮಾಡ್ಕೋಬೇಡಿ ಸಾರ್. ಎಷ್ಟು ದಿನ ಅಂತ ತಡ್ಕೊಳ್ಳೋದು?”

“ಯಾವಾಗಿನಿಂದ ಹೀಗೆ ಅನ್ನಿಸ್ತಿದೆ?”

“ಆರು ತಿಂಗಳಾಯ್ತು. ಬೆಳಿಗ್ಗೆ ಬಂದು ಕೂತ್ಕೊಳ್ಳೋಕೇ ಭಯ ಆಗುತ್ತೆ ಸಾರ್.”

ಮ್ಯಾನೇಜರ ಮುಖ ಬಾಡಿತು. ತಮ್ಮ ಆಡಳಿತದಲ್ಲಿ ಒಬ್ಬ ಹಿರಿಯ ನೌಕರ ಹೆದರಿಕೊಂಡು ಕೆಲಸ ಮಾಡುತ್ತಿದ್ದಾನೆ ಎಂದರೆ! “ಮನೇಲಿ ಗೊತ್ತಾ?” ಎಂದು ಮೆಲ್ಲಗೆ ಕೇಳಿದರು.

“ಅವಳಿಗೆ ಗೊತ್ತಿಲ್ದೆ ಇರುತ್ತಾ ಸಾರ್? ಪ್ಯಾಂಟಿಗೆ ತೇಪೆ ಹಾಕೋಳು ಅವಳೇ ಅಲ್ವಾ.”

ತೇಪೆಯ ಮಾತು ಕೇಳಿ ಮ್ಯಾನೇಜರು ಇನ್ನಷ್ಟು ಕುಗ್ಗಿದರು. “ಸರಿ. ಈ ತಿಂಗಳ ಕೊನೇಗೆ ಅಂತ ಇಟ್ಕೊಳ್ಳೋಣವಾ?”

“ಈ ವಾರದಲ್ಲೇ ಆಗಿಬಿಟ್ರೆ ದೊಡ್ಡ ಉಪಕಾರ ಸಾರ್.”

“ಅಷ್ಟು ಅವಸರಾನಾ? ಹಾಗಾದ್ರೆ ಶುಕ್ರವಾರ. ಆದ್ರೆ ಸುಮ್ಮನೆ ಹಾಗೇ ಆಗೋದು ಬೇಡ. ಊಟದ ಕೋಣೇಲಿ ಒಂದು ಚಿಕ್ಕ ಸಮಾರಂಭ ಮಾಡೋಣ. ಮನೆಯವರನ್ನೂ ಕರ್ಕೊಂಡು ಬನ್ನಿ.”

ಪೀಠಿಕೆಯವರು ಎರಡೂ ಕೈ ಮುಗಿದರು. ಒಂದು ಕುರ್ಚಿ ಕೊಡಲು ಸಮಾರಂಭ! ನಾಲ್ಕು ಪುಟ ಬರೆದದ್ದು ಸಾರ್ಥಕವಾಯಿತು. ಇನ್ನೆರಡು ಪುಟ ಬರೆದಿದ್ದರೆ ಮೇಜೂ ಸಿಗುತ್ತಿತ್ತೋ ಏನೋ ಎಂದುಕೊಂಡು ಹೊರಗೆ ಬಂದರು.

ಸಂಜೆ ಮನೆಯಲ್ಲಿ ಹೆಂಡತಿ ಒಲೆಯ ಮುಂದಿದ್ದರು. ಅವರ ತಮ್ಮ, ಅಂದರೆ ಪೀಠಿಕೆಯವರ ಭಾವಮೈದ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಅವನು ವಿಮಾ ಏಜೆಂಟು. ಎಲ್ಲಿ ನಾಲ್ಕು ಜನ ಸೇರಿದರೂ ಅದನ್ನು ಸಭೆಯೆಂದು ಭಾವಿಸಿ ಭಾಷಣ ಮಾಡುವ ಅಭ್ಯಾಸ ಅವನಿಗೆ.

“ನೋಡೇ,” ಎಂದು ಪೀಠಿಕೆಯವರು ಶುರು ಮಾಡಿದರು, “ಮನುಷ್ಯನ ಜೀವನದಲ್ಲಿ ಕೆಲವು ಗಳಿಗೆ ಬರ್ತವೆ. ಇಪ್ಪತ್ತೇಳು ವರ್ಷ ಒಂದೇ ಕಡೆ ಕೂತವನಿಗೆ...”

“ರೀ, ವಿಷಯಕ್ಕೆ ಬನ್ನಿ. ಸಾರು ಉಕ್ತಾ ಇದೆ.”

“ಬಂದೆ. ಆ ಇಪ್ಪತ್ತೇಳು ವರ್ಷದ ಸೇವೇನ ಗಮನಿಸಿ, ಶುಕ್ರವಾರ ಸಮಾರಂಭ ಇಟ್ಕೊಂಡು, ಸ್ವತಃ ಮ್ಯಾನೇಜರೇ ನಿಂತು, ನಂಗೆ ಹೊಸ ಕುರ್ಚಿ...”

ಅಷ್ಟರಲ್ಲಿ ಸಾರು ಉಕ್ಕಿತು. ಹೆಂಡತಿ ಅತ್ತ ಧಾವಿಸಿದರು. ಆ ಮಾತಿನ ಹಿಂದೆಯೇ ಬರಬೇಕಿದ್ದ ಕಾಲು, ಮೊಳೆ, ಪ್ಯಾಂಟುಗಳ ವಿವರಣೆ ಭಾವಮೈದನ ಕೂಗಿನಲ್ಲಿ ಮುಳುಗಿಹೋಯಿತು.

“ಅಕ್ಕಾ! ಕೇಳಿದ್ಯಾ? ಭಾವಂಗೆ ಬಡ್ತಿ!”

“ಬಡ್ತಿ ಅಂತ ಅಲ್ಲ, ಅದಕ್ಕೊಂದು ಹಿನ್ನೆಲೆ...” ಎಂದರು ಪೀಠಿಕೆಯವರು. ಆದರೆ ಹೆಂಡತಿಯ ಕಣ್ಣಲ್ಲಿ ನೀರು. ಮದುವೆಯಾದ ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಗಂಡನ ತಟ್ಟೆಗೆ ಕೇಳದೆಯೇ ಎರಡನೇ ಸಲ ತುಪ್ಪ ಬಡಿಸಿದರು. ಅಂಥ ತುಪ್ಪದ ಮುಂದೆ ತಿದ್ದುಪಡಿ ಹೇಳುವ ಗಂಡಸು ಅಪರೂಪ. ನಾಳೆ ಹೇಳಿದರಾಯಿತು, ಸೂಕ್ತವಾದ ಪೀಠಿಕೆಯೊಂದಿಗೆ, ಎಂದುಕೊಂಡು ಅವರು ಊಟ ಮುಂದುವರಿಸಿದರು.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಮೂಲೆಯ ಅಂಗಡಿಯ ಟೈಲರು ಅವರನ್ನು ಅಡ್ಡಗಟ್ಟಿ ಕತ್ತಿನ ಸುತ್ತ ಟೇಪು ಹಾಕಿಯೇಬಿಟ್ಟ.

“ಇನ್ಮೇಲೆ ನಿಮಗೆ ಕೋಟಿಲ್ದೆ ಆಗಲ್ಲ ಸಾರ್. ದೊಡ್ಡ ಕುರ್ಚಿ ಅಂದ್ಮೇಲೆ ಭುಜ ಅಗಲ ಕಾಣ್ಬೇಕು.”

“ಅಯ್ಯಾ, ಕುರ್ಚಿ ಅಷ್ಟೇನೂ ದೊಡ್ಡದಲ್ಲ...”

“ದೊಡ್ಡವರು ಹೀಗೇ ಮಾತಾಡೋದು” ಎಂದು ಟೈಲರು ಎರಡಂಗುಲ ಜಾಸ್ತಿ ಬರೆದುಕೊಂಡ.

ಆಫೀಸಿನ ಕಥೆಯೇ ಬೇರೆ. ಅಲ್ಲಿ ಪೀಠಿಕೆಯವರು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಟೈಪಿಸ್ಟ್ ಮೇಡಂ ತಾವೇ ಕಾಫಿ ತಂದು ಮುಂದಿಟ್ಟು, “ನಿಮ್ಮಿಂದ ಎಷ್ಟೋ ಕಲಿತೆ ಸಾರ್” ಎಂದರು. ಏನು ಕಲಿತೆ ಎಂದು ಹೇಳಲಿಲ್ಲ, ಅವರು ಮಿತಭಾಷಿ. ಕಿಟಕಿ ತೆರೆಯುವ ವಿಷಯದಲ್ಲಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಲೆಕ್ಕಪತ್ರದವರು ಬಂದು ಎರಡೂ ಕೈ ಹಿಡಿದುಕೊಂಡು, “ಆದದ್ದೆಲ್ಲ ಮರೆತುಬಿಡಿ. ಕಿಟಕಿ ಬೇಕಾದ್ರೆ ತೆಗೆದೇ ಇರ್ಲಿ” ಎಂದು ಮೂಗು ಒರೆಸಿಕೊಂಡರು.

ಒಂದು ಕುರ್ಚಿಗೆ ಇಷ್ಟೊಂದು ಅಂತಃಕರಣವೇ! ಸಹೋದ್ಯೋಗಿಗಳನ್ನು ತಾನು ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎಂದು ಪೀಠಿಕೆಯವರು ಮನಸ್ಸಿನಲ್ಲೇ ಕ್ಷಮೆ ಕೇಳಿದರು.

ಗುರುವಾರ ಉಗ್ರಾಣದವರು ಪಟ್ಟಿ ಹಿಡಿದು ಬಂದರು. “ಸ್ಕೇಲು, ರಬ್ಬರ್ ಸ್ಟಾಂಪು, ಮಸಿ ಪ್ಯಾಡು, ಬೀರುವಿನ ಬೀಗದಕೈ. ಎಲ್ಲ ವಾಪಸ್ ಕೊಟ್ಟು ಇಲ್ಲಿ ಸಹಿ ಹಾಕಿ.”

“ಕುರ್ಚಿಗೂ ರಬ್ಬರ್ ಸ್ಟಾಂಪಿಗೂ ಏನ್ರೀ ಸಂಬಂಧ?”

“ಕುರ್ಚಿ ಹೋದ್ಮೇಲೆ ಸ್ಟಾಂಪ್ ಇಟ್ಕೊಂಡು ಏನ್ ಮಾಡ್ತೀರಿ?” ಎಂದರು ಉಗ್ರಾಣದವರು. ಅದರಲ್ಲಿ ಏನೋ ಆಳವಾದ ನಿಯಮವಿರಬೇಕೆಂದು ಪೀಠಿಕೆಯವರು ಸಹಿ ಹಾಕಿದರು.

ನಿಜ ಹೇಳಬೇಕೆಂದರೆ ಅವರಿಗೆ ಸತ್ಯ ತಿಳಿಯಲು ದಾರಿಯೇ ಇರಲಿಲ್ಲ ಎಂದಲ್ಲ. ಸೂಚನಾ ಫಲಕದ ಮೇಲೆ ಬುಧವಾರದಿಂದಲೂ ಟೈಪಿಸ್ಟ್ ಮೇಡಂ ಹೊಡೆದ ಕಾಗದವೊಂದು ತೂಗುತ್ತಿತ್ತು. ‘ನಮ್ಮ ಪತ್ರ ವಿಭಾಗದ ಮುಖ್ಯಸ್ಥರಿಗೆ ಬೀಳ್ಕೊಡುಗೆ. ಶುಕ್ರವಾರ ಮೂರು ಗಂಟೆ. ಊಟದ ಕೋಣೆ.’ ಪೀಠಿಕೆಯವರು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗುತ್ತಿದ್ದರು. ಆದರೆ ಅಷ್ಟು ಚಿಕ್ಕ ಕಾಗದವನ್ನು ಅವರು ಕಾಗದವೆಂದೇ ಪರಿಗಣಿಸುತ್ತಿರಲಿಲ್ಲ. ದೂರದಿಂದಲೇ ಅದರ ಗಾತ್ರ ನೋಡಿ, ‘ಏನು ಬರವಣಿಗೆಯೋ, ತಲೆಯಿಲ್ಲ ಬಾಲವಿಲ್ಲ’ ಎಂದು ಮುಖ ತಿರುಗಿಸಿ ಹೋಗುತ್ತಿದ್ದರು.

ಶುಕ್ರವಾರ ಮೂರು ಗಂಟೆಗೆ ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಒಂದು ಕಡೆ ಕಂಪನಿಯವರು ತಲೆ ತಗ್ಗಿಸಿ ಕುಳಿತಿದ್ದರು. ಇನ್ನೊಂದು ಕಡೆ ಪೀಠಿಕೆಯವರ ಹೆಂಡತಿ, ಭಾವಮೈದ, ಟೈಲರು, ಟೈಲರನ ಹೆಂಡತಿ, ಮದುವೆಗೆ ಬಂದವರ ಹಾಗೆ ನಗುನಗುತ್ತ ಕುಳಿತಿದ್ದರು. ಭಾವಮೈದನ ತೊಡೆಯ ಮೇಲೆ ದೊಡ್ಡ ಸಿಹಿ ಡಬ್ಬ. ಪೀಠಿಕೆಯವರು ಹೊಸ ಕೋಟಿನೊಳಗೆ ಎಲ್ಲೋ ಒಂದು ಕಡೆ ಇದ್ದರು.

ಮ್ಯಾನೇಜರು ಮಾತಾಡಿದರು. “ಇವರ ಜಾಗ ತುಂಬೋದು ಸುಲಭ ಅಲ್ಲ. ಇವರು ಒಂದು ಪುಟ ಬರೀಬೇಕಾದ ಕಡೆ ಮೂರು ಪುಟ ಬರೆದವರು. ಅಂಥ ಶ್ರದ್ಧೆ ಈಗ ಎಲ್ಲಿದೆ?”

ಲೆಕ್ಕಪತ್ರದವರು ಬಿಕ್ಕಿದರು. ಅತ್ತ ಕಡೆಯಿಂದ ಭಾವಮೈದ ಚಪ್ಪಾಳೆ ಹೊಡೆದ.

ಆಮೇಲೆ ಇಬ್ಬರು ಉಡುಗೊರೆ ಹೊತ್ತು ತಂದರು. ಹೊದಿಸಿದ ಬಟ್ಟೆ ತೆಗೆದಾಗ ಕಂಡದ್ದು ಒಂದು ಆರಾಮಕುರ್ಚಿ. ಬೆನ್ನು ಹಿಂದಕ್ಕೆ ಬಾಗಿದ್ದು, ಕಾಲು ಚಾಚಲು ಹಲಗೆಯಿದ್ದದ್ದು. ಪೀಠಿಕೆಯವರನ್ನು ಅದರಲ್ಲಿ ಕೂರಿಸಿದರು. ಕೂರಿಸಿದೊಡನೆ ಅವರು ಅಂಗಾತ ಮಲಗಿ ಚಾವಣಿ ನೋಡುವಂತಾಯಿತು.

“ತುಂಬ ಚೆನ್ನಾಗಿದೆ” ಎಂದರು ಕೋಟಿನೊಳಗಿಂದ. “ಆದ್ರೆ ಇದ್ರಲ್ಲಿ ಕೂತ್ಕೊಂಡು ಕೆಲಸ ಮಾಡೋದು ಸ್ವಲ್ಪ ಕಷ್ಟ ಆಗ್ಬಹುದು.”

ಕಂಪನಿಯವರೆಲ್ಲ ಕಣ್ಣೀರಿನ ನಡುವೆಯೇ ನಕ್ಕರು. ಇಂಥ ಹೊತ್ತಿನಲ್ಲೂ ಹಾಸ್ಯ ಮಾಡುವ ಗಟ್ಟಿ ಮನಸ್ಸು ಎಂದು ಲೆಕ್ಕಪತ್ರದವರು ಪಕ್ಕದವರಿಗೆ ಪಿಸುಗುಟ್ಟಿದರು.

ಭಾವಮೈದನಿಗೆ ಇನ್ನು ತಡೆಯಲಾಗಲಿಲ್ಲ. ಯಾರೂ ಕರೆಯದಿದ್ದರೂ ಎದ್ದು ಮುಂದೆ ಬಂದು ಗಂಟಲು ಸರಿ ಮಾಡಿಕೊಂಡ.

“ಮಹನೀಯರೇ! ಈ ದಿನಕ್ಕಾಗಿ ನಮ್ಮಕ್ಕ ಎಷ್ಟು ವರ್ಷದಿಂದ ಕಾದಿದ್ಳು ಗೊತ್ತಾ? ತಡವಾದ್ರೂ ಒಳ್ಳೇ ಕೆಲಸ ಮಾಡಿದೀರಿ. ಆದ್ರೆ ಇದು ಬರೀ ಆರಂಭ! ಇವತ್ತು ಈ ಕುರ್ಚಿ, ನಾಳೆ ಮ್ಯಾನೇಜರ ಕುರ್ಚಿ! ಅವರು ಎದ್ದ ತಕ್ಷಣ ನಮ್ಮ ಭಾವ ಅಲ್ಲಿ ಕೂತಿರ್ತಾರೆ!”

ಮ್ಯಾನೇಜರು ತಮಗರಿವಿಲ್ಲದೆ ತಮ್ಮ ಕುರ್ಚಿಯ ಕೈ ಹಿಡಿದುಕೊಂಡರು.

ಇಷ್ಟರಲ್ಲಿ ಪೀಠಿಕೆಯವರ ಹೆಂಡತಿಯ ಕಣ್ಣು ಹಿಂದಿನ ಕರಿಹಲಗೆಯ ಮೇಲೆ ಬಿತ್ತು. ಅಲ್ಲಿ ಟೈಪಿಸ್ಟ್ ಮೇಡಂ ಸೀಮೆಸುಣ್ಣದಲ್ಲಿ ಒಂದೇ ಒಂದು ಪದ ಬರೆದಿದ್ದರು. ಅವರು ಅದನ್ನು ಎರಡು ಸಲ ಓದಿದರು. ಮುಖದ ನಗು ಇಳಿಯಿತು.

“ರೀ. ಹಿಂದೆ ತಿರುಗಿ ನೋಡಿ.”

ಆರಾಮಕುರ್ಚಿಯಿಂದ ಹಿಂದೆ ತಿರುಗುವುದು ಸುಲಭವಲ್ಲ. ಪೀಠಿಕೆಯವರು ಒದ್ದಾಡಿ ಹೊರಳಿ ನೋಡಿದರು. ‘ಬೀಳ್ಕೊಡುಗೆ.’ ಇದಕ್ಕೆ ಪೀಠಿಕೆ ಇರಲಿಲ್ಲ, ಉಪಸಂಹಾರವೂ ಇರಲಿಲ್ಲ. ಅವರ ಜೀವಮಾನದಲ್ಲಿ ಒಂದು ಬರಹ ಇಷ್ಟು ಬೇಗ ಅರ್ಥವಾದದ್ದು ಅದೇ ಮೊದಲು. ಕೊಟ್ಟ ಸ್ಟಾಂಪು, ಕುಡಿದ ಕಾಫಿ, ತೆರೆದ ಕಿಟಕಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮಗಳು ಇನ್ನೂ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ ಎಂಬುದೂ ಬಂತು. ಅವರು ಹೇಗೋ ಎದ್ದು ನಿಂತರು. ಕಾಲು ನಡುಗುತ್ತಿತ್ತು, ಈ ಸಲ ಕುರ್ಚಿಯದಲ್ಲ.

“ಮಾನ್ಯರೇ,” ಎಂದರು. “ಇಪ್ಪತ್ತೇಳು ವರ್ಷಗಳ ಹಿಂದೆ, ಒಬ್ಬ ಯುವಕ...”

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಉಗ್ರಾಣದವರು ಆಕಳಿಸಿದರು. ಟೈಲರು ಕೋಟಿನ ತೋಳು ನೋಡುತ್ತ ಕುಳಿತ. ಯುವಕ ಇನ್ನೂ ಮೂರನೇ ಮೆಟ್ಟಿಲಲ್ಲಿದ್ದ.

“ರೀ!” ಹೆಂಡತಿಯ ದನಿಗೆ ತಟ್ಟೆಗಳು ಝಣ್ಣೆಂದವು. “ವಿಷಯ! ವಿಷಯ ಹೇಳ್ರೀ!”

ಪೀಠಿಕೆಯವರು ಕಣ್ಣು ಮುಚ್ಚಿಕೊಂಡರು. “ನಾನು ಕೆಲಸ ಬಿಟ್ಟಿಲ್ಲ” ಎಂದರು. “ಕುರ್ಚಿ ಕಾಲು ಅಲುಗಾಡ್ತಿದೆ. ಬೇರೆ ಕುರ್ಚಿ ಬೇಕು.”

ಮ್ಯಾನೇಜರು ಕಾಗದ ತರಿಸಿದರು. ಮೊದಲ ಪುಟ ಮಗುಚಿದರು, ಎರಡನೆಯದು, ಮೂರನೆಯದು. ನಾಲ್ಕನೆಯ ಪುಟದ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿದಾಗ ಅವರ ಕಿವಿ ಕೆಂಪಾಗಿತ್ತು.

“ತಪ್ಪು ನಂದೂ ಇದೆ. ಕೊನೇತನಕ ಓದ್ಬೇಕಿತ್ತು” ಎಂದರು.

“ನಾನು ಫೈಲಿಗೆ ಹಾಕುವಾಗ ಓದೋಕೆ ನೋಡಿದೆ ಸಾರ್,” ಎಂದರು ಟೈಪಿಸ್ಟ್ ಮೇಡಂ, “ಮರದ ಜಾತಿಗಳ ತನಕ ಬಂದೆ. ಮುಂದಕ್ಕೆ ಆಗ್ಲಿಲ್ಲ.”

ಆದರೆ ಒಂದು ತೊಡಕಿತ್ತು. ಪತ್ರ ವಿಭಾಗವನ್ನು ಶನಿವಾರದಿಂದ ಟೈಪಿಸ್ಟ್ ಮೇಡಂ ವಹಿಸಿಕೊಳ್ಳಬೇಕೆಂಬ ಆದೇಶಕ್ಕೆ ಮ್ಯಾನೇಜರು ಆಗಲೇ ಸಹಿ ಹಾಕಿಯಾಗಿತ್ತು. ಆದೇಶ ಆಕೆಯ ಕೈಯಲ್ಲೇ ಇತ್ತು. ಎಲ್ಲರ ಕಣ್ಣೂ ಆ ಕೈಯ ಮೇಲೆ ನೆಟ್ಟವು. ಪೀಠಿಕೆಯವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು.

ಆಕೆ ಕಾಗದವನ್ನು ನಾಲ್ಕಾಗಿ ಮಡಚಿದರು. “ಇವರ ಜಾಗ ನಂಗೆ ಬೇಡ ಸಾರ್. ಮುಖ್ಯಸ್ಥರು ಇವರೇ ಇರ್ಲಿ. ನಂಗೆ ಒಂದು ಕೆಂಪು ಪೆನ್ಸಿಲ್ ಕೊಡಿ. ಇವರು ಬರೆದದ್ದು ನನ್ನ ಕೈ ದಾಟಿ ಹೊರಗೆ ಹೋಗ್ಲಿ. ಅದಕ್ಕೆ ತಕ್ಕ ಹುದ್ದೆ ಕೊಟ್ರೆ ಸಾಕು.”

“ಕೊಟ್ಟೆ” ಎಂದರು ಮ್ಯಾನೇಜರು. ಅವರೂ ಆ ದಿನ ಚಿಕ್ಕದಾಗಿ ಮಾತಾಡಿದರು.

“ಬಡ್ತಿ!” ಎಂದು ಕೂಗಿದ ಭಾವಮೈದ. ಯಾರದಾದರೇನು, ತಂದ ಸಿಹಿಗೆ ಒಂದು ಬಡ್ತಿ ಬೇಕಿತ್ತು. ಡಬ್ಬ ತೆರೆದು ಮೊದಲನೆಯದನ್ನು ಟೈಪಿಸ್ಟ್ ಮೇಡಂಗೆ ಕೊಟ್ಟು, ಅವರಿಗೆ ಒಂದು ವಿಮೆಯ ಅಗತ್ಯ ಎಷ್ಟಿದೆ ಎಂದು ವಿವರಿಸತೊಡಗಿದ. ಲೆಕ್ಕಪತ್ರದವರು ಮಾತ್ರ ಕಣ್ಣೊರೆಸಿಕೊಂಡು, “ಹಾಗಾದ್ರೆ ಕಿಟಕಿ ಮುಚ್ಚಬಹುದಲ್ಲ?” ಎಂದು ಕೇಳಿದರು.

ಮುಂದಿನ ದಿನಗಳು ಪೀಠಿಕೆಯವರಿಗೆ ಕಠಿಣವಾಗಿದ್ದವು. ಹೊಸ ಕುರ್ಚಿ ಬಂತು, ಕಾಲು ಗಟ್ಟಿಯಿತ್ತು, ಆದರೆ ಎದುರಿನ ಮೇಜಿನಲ್ಲಿ ಕೆಂಪು ಪೆನ್ಸಿಲ್ ಕುಳಿತಿತ್ತು. ಮೊದಲ ವಾರ ಅವರ ಮೂರು ಪುಟದ ಕಾಗದವೊಂದು ಎರಡು ಸಾಲಾಗಿ ಹಿಂದಿರುಗಿತು.

“ಮೇಡಂ, ಆದಿಮಾನವನನ್ನಾದ್ರೂ ಉಳಿಸಬಹುದಿತ್ತು” ಎಂದರು ಅವರು ಗದ್ಗದಿತರಾಗಿ.

“ಅವನು ಕೊಡೆ ತಗೊಂಡಿದ್ನಾ ಸಾರ್?”

“ಇಲ್ಲ.”

“ಮತ್ತೆ ಅವನಿಗ್ಯಾಕೆ ನಮ್ಮ ಕಾಗದದಲ್ಲಿ ಜಾಗ? ಕೇಳಿದವರಿಗೆ ಏನು ಬೇಕೋ ಅದನ್ನ ಮೊದಲು ಹೇಳಿ. ಆಮೇಲೆ ಹೇಳೋಕೆ ಏನೂ ಉಳಿದಿರಲ್ಲ, ನೋಡ್ತಾ ಇರಿ.”

ಅವರು ನೋಡುತ್ತ ಹೋದರು. ನಿಜಕ್ಕೂ ಏನೂ ಉಳಿಯುತ್ತಿರಲಿಲ್ಲ. ಇದು ಅವರಿಗೆ ಸ್ವಲ್ಪ ದುಃಖದ ಸಂಗತಿಯೇ ಆಗಿತ್ತು. ಆದರೆ ಗಿರಾಕಿಗಳ ಎರಡನೇ ಕಾರ್ಡು ಬರುವುದು ನಿಂತಿತು. ಕೆಲಸ ಐದು ಗಂಟೆಗೇ ಮುಗಿಯತೊಡಗಿತು. ಆರಾಮಕುರ್ಚಿಯನ್ನು ಯಾರೂ ವಾಪಸು ಕೇಳಲಿಲ್ಲ. ಅದು ಮನೆಗೆ ಬಂತು, ಬಂದ ದಿನವೇ ಹೆಂಡತಿ ಅದರಲ್ಲಿ ಕುಳಿತರು, ಆಮೇಲೆ ಬೇರೆ ಯಾರಿಗೂ ಅದು ಸಿಗಲಿಲ್ಲ.

ಆರು ತಿಂಗಳಾದ ಮೇಲೆ ಒಂದು ದಿನ ಪೀಠಿಕೆಯವರು ಮ್ಯಾನೇಜರಿಗೆ ಕಾಗದವೊಂದನ್ನು ಕಳಿಸಿದರು. ಕೆಂಪು ಪೆನ್ಸಿಲ್ ಅದನ್ನು ಮುಟ್ಟಿರಲಿಲ್ಲ, ಮುಟ್ಟಲು ಜಾಗವಿರಲಿಲ್ಲ. ‘ಸೋಮವಾರ ಒಂದು ದಿನ ರಜೆ ಬೇಕು.’

ಮ್ಯಾನೇಜರು ಅದನ್ನು ಓದಿದರು. ಮಗುಚಿ ಹಿಂದೆ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಮೇಜಿನ ಕೆಳಗೆ ಬಗ್ಗಿ, ಉಳಿದ ಪುಟಗಳು ಬಿದ್ದಿವೆಯೇ ಎಂದು ಹುಡುಕಿದರು. ಕೊನೆಗೆ ತಾವೇ ಎದ್ದು ಪತ್ರ ವಿಭಾಗಕ್ಕೆ ಬಂದರು.

“ಇದಿಷ್ಟೇನಾ?”

“ಇಷ್ಟೇ ಸಾರ್.”

“ನನ್ನ ಮೇಲೆ ಕೋಪ ಏನಿಲ್ವಲ್ಲ? ಕೆಲಸ ಬಿಡೋ ಯೋಚನೆ...”

“ಇಲ್ಲ ಸಾರ್. ರಜೆ ಬೇಕು.”

ಮ್ಯಾನೇಜರಿಗೆ ಸಮಾಧಾನವಾಯಿತು. ಜೇಬಿನಿಂದ ಪೆನ್ನು ತೆಗೆದರು. ತೆಗೆಯುತ್ತ, ಏನೋ ಒಂದು ಮಾತಾಡಬೇಕಲ್ಲ ಎಂದು, “ಏನು ವಿಶೇಷ? ಯಾಕೆ ರಜೆ?” ಎಂದುಬಿಟ್ಟರು.

ಪೀಠಿಕೆಯವರ ಮುಖ ಅರಳಿತು. ಕುರ್ಚಿಯಿಂದ ಎದ್ದರು. ಬಾಯಿಮಾತಿಗೆ ಕೆಂಪು ಪೆನ್ಸಿಲಿನ ಅಧಿಕಾರ ನಡೆಯುವುದಿಲ್ಲ ಎಂಬುದು ಆ ಕ್ಷಣದಲ್ಲಿ ಅವರಿಗೆ ಹೊಳೆದಿರಬೇಕು. ಎದೆ ತುಂಬ ಉಸಿರೆಳೆದುಕೊಂಡರು.

ಮ್ಯಾನೇಜರು ಆ ಉಸಿರನ್ನು ಕಂಡರು. “ಬೇಡ ಬೇಡ,” ಎಂದು ನಿಂತಲ್ಲೇ ಸಹಿ ಗೀಚಿದರು, “ಎರಡು ದಿನ ತಗೊಳ್ಳಿ!”